ಕಂಡಕ್ಟರ್ ಮುತ್ಯಾ ನಡೆಸುವ ಗ್ರೂಪು

ಮಕ್ಕಳೇ, ನಿಮ್ಮ ಕಂಡಕ್ಟರ್ ಮುತ್ಯಾ ನಿವೃತ್ತನಾಗಿದ್ದಾನೆ ಎಂದು ಬಸ್ ಡಿಪೋದವರು ನಂಬಿಕೊಂಡಿದ್ದಾರೆ. ಪಾಪ, ಅವರಿಗೇನು ಗೊತ್ತು! ಹಾರ ಹಾಕಿದರು, ಶಾಲು ಹೊದಿಸಿದರು, ಪೇಢೆ ತಿನ್ನಿಸಿದರು. ಟಿಕೆಟ್ ಮಷೀನು ವಾಪಸ್ ಇಸಿದುಕೊಂಡರು, ಚರ್ಮದ ಚೀಲ ವಾಪಸ್ ಇಸಿದುಕೊಂಡರು. ಕಂಡಕ್ಟರಿಕೆಯನ್ನು ಇಸಿದುಕೊಳ್ಳುವುದನ್ನು ಮಾತ್ರ ಮರೆತುಬಿಟ್ಟರು. ಸೀಟಿಯನ್ನೂ ಮರೆತರು. ಅದು ಇವತ್ತಿಗೂ ಅವನ ಅಂಗಿಯ ಜೇಬಿನಲ್ಲೇ ಇದೆ.

ಅವನು ಈ ನಿಮ್ಮ ಅಜ್ಜಿಗೆ ಒಬ್ಬನೇ ಅಣ್ಣ. ಹುಟ್ಟಿದ್ದು ಹುಡಗಿ ಎಂಬ ಊರಲ್ಲಿ, ಮನೆ ಕಟ್ಟಿದ್ದು ಬಸವಕಲ್ಯಾಣದಲ್ಲಿ, ಆಯುಷ್ಯ ಕಳೆದದ್ದು ಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಓಡಾಡುವ ಬಸ್ಸಿನಲ್ಲಿ. ಈಗಲೂ ಊಟಕ್ಕೆ ಕೂತರೆ ಪಕ್ಕದವರಿಗೆ, "ಜರಾ ಸರೀರಿ, ಇನ್ನೊಬ್ರಿಗೆ ಜಗಾ ಆಗ್ತದ" ಎನ್ನುತ್ತಾನೆ. ಅವನ ಹೆಂಡತಿ, ಅಂದರೆ ನಮ್ಮ ವೈನಿ, ಸಾರು ಬಡಿಸುವಾಗ ಅವನು ಸಾಕು ಎನ್ನುವುದಿಲ್ಲ. "ಹೋಲ್ಡಾನ್!" ಎನ್ನುತ್ತಾನೆ. ವೈನಿ ಸೌಟು ಹಿಡಿದು ನಿಂತೇ ಇರಬೇಕು, ರೈಟ್ ಅನ್ನುವ ತನಕ!

ಇಂಥವನ ಕೈಗೆ ನಿಮ್ಮಪ್ಪ ಒಂದು ದೊಡ್ಡ ಫೋನು ಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ.

ಕಲ್ಯಾಣ, ಹುಮನಾಬಾದ್, ಹುಡಗಿ, ನಿರ್ಣಾ, ನಮ್ಮ ಮುಡಬಿ ಎಂದು ಎಲ್ಲೆಲ್ಲಿ ನಮ್ಮ ಬಳಗವಿದೆಯೋ ಅಲ್ಲಿಂದೆಲ್ಲ ಜನರನ್ನು ಹತ್ತಿಸಿಕೊಂಡು ಫೋನಿನಲ್ಲಿ ಒಂದು ಗ್ರೂಪು ಮಾಡಿದ. ಹೆಸರು "ನಮ್ಮ ಮಂದಿ". ಹತ್ತುತ್ತೀರಾ ಎಂದು ಯಾರನ್ನೂ ಕೇಳಲಿಲ್ಲ. ಅನುಭವ ಮಂಟಪದ ಊರಿನವನು ಎಂಬ ಹೆಮ್ಮೆ ಅವನಿಗೆ ಮೊದಲೇ ಇತ್ತು. ಮೊದಲನೇ ದಿನ ಅವನ ಧ್ವನಿ ಬಂತು: "ಕಲ್ಯಾಣದ ನೀರು ಕುಡದಾವ ನಾ. ಇಲ್ಲಿ ಯಾರಿಗೂ ಬಾಯಿ ಮುಚ್ಚು ಅನ್ನಂಗಿಲ್ಲ. ಬಸ್ಸಿನ್ಯಾಗ ಹ್ಯಾಂಗ ಮಾತಾಡ್ತೀರಿ, ಹಂಗ ಮಾತಾಡ್ರಿ. ಉಗುಳಬ್ಯಾಡ್ರಿ, ಅಷ್ಟ!"

ಮಂದಿ ಮಾತಾಡಿದರು. ಅಯ್ಯೋ, ಎಷ್ಟು ಮಾತಾಡಿದರು! ಬೆಳಗಾದರೆ ಗುಲಾಬಿ ಹೂವು, ಮಧ್ಯಾಹ್ನಕ್ಕೆ ಅರಿಶಿನದಿಂದ ಸಕಲ ರೋಗ ನಿವಾರಣೆ, ಸಂಜೆಗೆ ರಾಜಕೀಯ. ಇದೆಲ್ಲ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ನಿರ್ಣಾದ ಹೊಸ ಸೊಸೆಯೊಬ್ಬಳು, ಪಾಪದ ಹುಡುಗಿ, ಎಳ್ಳಮಾವಾಸ್ಯೆಯ ಭಜ್ಜಿಗೆ ಹುಳಿ ಯಾವುದು ಹಾಕಬೇಕು ಎಂದು ಕೇಳಿಬಿಟ್ಟಳು. ಹಸಿ ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಒಂದೇ ಪಾತ್ರೆಯಲ್ಲಿ ಜಗಳವಿಲ್ಲದೆ ಬೇಯುವ ಅಡುಗೆ ಅದು. ಅಂಥದ್ದರ ಮೇಲೆ ಜಗಳ!

"ಮಜ್ಜಿಗಿ ಹಾಕ್ರಿ" ಎಂದರು ಹುಮನಾಬಾದಿನವರು.

"ಮಜ್ಜಿಗಿ ಹಾಕಿದ್ರ ಅದು ಭಜ್ಜಿ ಅಲ್ರಿ, ಕಢಿ! ಹುಣಸಿಹಣ್ಣು ಹಾಕಬೇಕು" ಎಂದರು ಕಲ್ಯಾಣದವರು.

"ಅದಕ್ಕ ನಿಮ್ಮ ಮಾತೂ ಹಲ್ಲು ಚಳ್ ಅನ್ನಂಗ ಇರ್ತಾವ!"

ಭಜ್ಜಿಯಿಂದ ಮಾತು ಮದುವೆಗಳಿಗೆ ಹೋಯಿತು. ಯಾರ ಮದುವೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ, ಯಾರು ಯಾರಿಗೆ ಹರಕು ಸೀರೆ ಉಡಿಸಿದ್ದರು, ಎಲ್ಲ ಹೊರಗೆ ಬಂತು. ಅಣ್ಣ ಸೀಟಿ ಊದಿ ಧ್ವನಿ ಕಳಿಸಿದ. ಯಾರೂ ಕೇಳಲಿಲ್ಲ. ಕೊನೆಗೆ ಹುಮನಾಬಾದಿನ ಕಡೆಯಿಂದ ಒಬ್ಬಳನ್ನು, ಕಲ್ಯಾಣದ ಕಡೆಯಿಂದ ಒಬ್ಬಳನ್ನು ಗ್ರೂಪಿನಿಂದ ಇಳಿಸಿದ. ನ್ಯಾಯವೆಂದರೆ ನ್ಯಾಯ! ಕಲ್ಯಾಣದ ಕಡೆಯವಳು ಯಾರು ಅಂತೀರಿ? ವೈನಿಯೇ! ಅವತ್ತು ಅವನ ತಟ್ಟೆಗೆ ಬಂದ ಭಜ್ಜಿಯಲ್ಲಿ ಮಜ್ಜಿಗೆಯೂ ಇರಲಿಲ್ಲ, ಹುಣಸೆಯೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಸಂಜೆಯೊಳಗೆ ಇಬ್ಬರನ್ನೂ ಮತ್ತೆ ಹತ್ತಿಸಿಕೊಂಡ.

ಆಮೇಲೆ ಬುದ್ಧಿ ಬಂದು, ಹೆಂಗಸರ ಸೀಟಿನ ಹಾಗೆ ಹೆಂಗಸರ ಹೊತ್ತು ಎಂದು ಮಾಡಿದ. ಬೆಳಗಿನ ಹೊತ್ತು ಗಂಡಸರು ಏನೂ ಬರೆಯುವಂತಿಲ್ಲ. ಒಳ್ಳೆಯ ವಿಚಾರವೇ. ಆದರೆ ಬೆಳಗ್ಗೆ ರೊಟ್ಟಿ ಬಡಿಯುವ ಕೈಗೆ ಫೋನು ಹಿಡಿಯಲು ಎಲ್ಲಿ ಪುರುಸೊತ್ತು? ಗ್ರೂಪು ಖಾಲಿ ಹೊಡೆಯಿತು. ಒಂದು ದಿನ ಮಾತ್ರ ಹುಡಗಿಯ ನಮ್ಮ ತಂಗಿಯೊಬ್ಬಳ ಫೋನಿನಿಂದ ಚುನಾವಣೆಯ ಮೇಲೆ ಮಾರುದ್ದದ ಭಾಷಣ ಬಂತು. ಅಣ್ಣ ಉತ್ತರ ಹಾಕಿದ: "ತಂಗೀ, ನಿನ್ನ ಮೀಸಿ ಕಾಣಾಕತ್ತಾವ."

ಇಷ್ಟಾದ ಮೇಲೆ ಯಾರೋ ಅವನಿಗೆ ಒಂದು ಗುಂಡಿ ತೋರಿಸಿಕೊಟ್ಟರು. ಅದನ್ನು ಒತ್ತಿದರೆ ಅಡ್ಮಿನ್ ಆದವನು ಮಾತ್ರ ಗ್ರೂಪಿನಲ್ಲಿ ಮಾತಾಡಬಹುದು, ಉಳಿದವರು ಓದಬಹುದು, ಅಷ್ಟೇ. ಅಣ್ಣನಿಗೆ ಆದ ಸಂತೋಷ ಹೇಳತೀರದು! "ಮಂದಿನ್ನ ಇಳಸೋದು ಪಾಪದ ಕೆಲಸ. ಇದು ಬ್ರೇಕ್. ಬಸ್ ನಿಂತದ, ಎಲ್ಲಾರೂ ಕುಂತಲ್ಲೇ ಕುಂತಿರ್ತಾರ" ಎಂದ. ಜಗಳ ಬಂದರೆ ಬ್ರೇಕ್. ಅವನು ಚಹಾ ಕುಡಿದರೆ ಬ್ರೇಕ್. ಮಧ್ಯಾಹ್ನ ನಿದ್ದೆಗೂ ಬ್ರೇಕ್! ಅವನು ಗೊರಕೆ ಹೊಡೆಯುತ್ತಿದ್ದಾಗಲೇ ಅವನ ಮಗಳಿಗೆ ಹೆರಿಗೆಯಾಯಿತು. ಅಳಿಯ ಗ್ರೂಪಿನಲ್ಲಿ ಹಾಕಲು ನೋಡುತ್ತಾನೆ, ಬ್ರೇಕ್! ಒಬ್ಬೊಬ್ಬರಿಗೇ ಫೋನು ಹಚ್ಚಿ ಹಚ್ಚಿ ಅವನ ಗಂಟಲು ಒಣಗಿತು. ಅಣ್ಣ ಎದ್ದು, ಕಣ್ಣುಜ್ಜಿಕೊಂಡು, ತಾನೇ ಬರೆದ: "ಹೊಸ ಪ್ಯಾಸೆಂಜರ್ ಹತ್ಯಾನ. ಹಾಫ್ ಟಿಕೆಟ್."

ಇಷ್ಟೆಲ್ಲ ಹೇಳುವ ನಾನು ಆ ಗ್ರೂಪಿನಲ್ಲಿ ಏನು ಮಾಡುತ್ತಿದ್ದೆ? ಓದುತ್ತಿದ್ದೆ. ಕಿಟಕಿ ಪಕ್ಕ ಕೂತವಳ ಹಾಗೆ ಎಲ್ಲ ನೋಡುತ್ತಿದ್ದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಮರೆತಿರಲಿಲ್ಲ, ಆದರೆ ನಿಮ್ಮ ಅಜ್ಜ ಹೋದ ಮೇಲೆ ನಾಲ್ಕು ಮಂದಿಯ ನಡುವೆ ಬಾಯಿ ತೆರೆಯುವುದು ನನ್ನಿಂದಾಗುತ್ತಿರಲಿಲ್ಲ. ಮದುವೆಗಳಲ್ಲಿ ಅಡುಗೆಮನೆಯ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಅಲ್ಲಿ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಬಾ ಎಂದೂ ಯಾರೂ ಕರೆದಿರಲಿಲ್ಲ.

ಅಣ್ಣ ಫೋನು ಮಾಡಿ ಗದರುತ್ತಿದ್ದ. "ಓದೀದಿ ಅಂತ ಗುರ್ತು ತೋರಸ್ತದ. ಬಾಯಿ ಎಲ್ಲಿಟ್ಟೀದಿ?"

"ನಂದೇನು ಮಾತಣ್ಣಾ. ಕೇಳ್ತೀನಲ್ಲ."

"ಬರೇ ಕೇಳೋರಿಗೂ ಟಿಕೆಟ್ ಅದ ಇಲ್ಲಿ!"

ಹೀಗಿರುವಾಗ ನಿಮ್ಮ ದೊಡ್ಡಕ್ಕನ ಲಗ್ನಪತ್ರಿಕೆ ಗ್ರೂಪಿಗೆ ಬಂತು. ನನ್ನ ಮೊದಲ ಮೊಮ್ಮಗಳು. ಹುಟ್ಟಿದಾಗ ಕಾಲ ಮೇಲೆ ಮಲಗಿಸಿಕೊಂಡು ಎರೆದವಳು ನಾನು. ಇದಕ್ಕೂ ಸುಮ್ಮನಿದ್ದರೆ ಹೇಗೆ? ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಎಮ್ಮೆ ತಲೆ ಆಡಿಸಿತು. ಸರಿ, ಹೇಳಬಹುದು ಎಂದುಕೊಂಡು ಗುಂಡಿ ಒತ್ತಿ, "ಛಲೋ ಇರವ್ವಾ ನನ್ನ ಮಗಳೇ, ನೂರು ವರ್ಷ ಜೋಡಿಲೆ ಬಾಳ್ರಿ" ಎಂದೆ. ಪತ್ರಿಕೆಯ ಕೆಳಗೆ ಎಲ್ಲರಿಗಿಂತ ಮೊದಲು ನನ್ನ ಧ್ವನಿಯೇ ಬಿತ್ತು.

ಅದರ ಹಿಂದೆಯೇ ಹುಮನಾಬಾದಿನ ಅತ್ತೆಯ ಧ್ವನಿ ಬಂತು. ನಮ್ಮ ಅಪ್ಪನ ತಂಗಿ, ಬಳಗಕ್ಕೆಲ್ಲ ಹಿರಿಯಳು. ನನಗಿಂತ ಎಷ್ಟೋ ಮೊದಲೇ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. "ಶುಭ ಕಾರ್ಯಕ್ಕ ಮೊದಲನೇ ಅವಾಜ ಮುತ್ತೈದಿದು ಇರಬೇಕು. ನಮ್ಮಂಥೋರು ಹಿಂದ ಇರಬೇಕವ್ವಾ. ಇಷ್ಟೂ ತಿಳಿಬಾರ್ದೇನು?"

ನನ್ನ ಮಾತನ್ನು ಎಲ್ಲರ ಫೋನಿನಿಂದಲೂ ಅಳಿಸಿಬಿಟ್ಟೆ. ಆದರೆ ಅಳಿಸಿದ ಗುರುತು ಅಲ್ಲೇ ಉಳಿಯಿತು. ಅದರ ಕೆಳಗೆ ಮಹಾಯುದ್ಧ!

"ಈ ಕಾಲದಾಗ ಇದೇನು ಮಾತ್ರಿ?"

"ಹಿರೇರು ಹೇಳ್ಯಾರ, ಸುಮ್ಮನಿರ್ರಿ."

"ಕಂಡಕ್ಟರ್ ಕಾಕಾ, ಮೊದಲು ಆ ಅತ್ತಿನ್ನ ಇಳಸ್ರಿ!"

ಅಣ್ಣ ಅತ್ತೆಯನ್ನು ಇಳಿಸಲಿಲ್ಲ. "ಅಕಿನ್ನ ಇಳಿಸಿದ್ರ ಅಕಿ ಮಾತೇನು ಇಳಿತದೇನು? ಅದು ನಿಮ್ಮ ಬಾಜೂನ ಕುಂತಿರ್ತದ" ಎಂದು ಹೇಳಿ ಬ್ರೇಕ್ ಹಾಕಿದ. ಗ್ರೂಪು ಗಪ್ಪಾಯಿತು.

ಮರುದಿನ ಬೆಳಗ್ಗೆ ಮುಡಬಿಯ ನಮ್ಮ ಅಂಗಳದಲ್ಲಿ ಅಣ್ಣ ಪ್ರತ್ಯಕ್ಷ! ಬಿಸಿಲಿಗೆ ತಲೆಗೆ ಟವಲ್ ಸುತ್ತಿಕೊಂಡಿದ್ದ. ನೀರು ಕೊಟ್ಟೆ. ಕುಡಿದು, ಫೋನು ತೆಗೆದು ಏನೋ ಒತ್ತಿದ.

"ನಿನಗೂ ಅಡ್ಮಿನ್ ಮಾಡೀನಿ. ಈಗ ಈ ಗ್ರೂಪಿನ್ಯಾಗ ಮಾತಾಡಾಕ ಬರೋದು ಇಬ್ಬರಿಗೇ. ನಾ ಮಾತಾಡಂಗಿಲ್ಲ. ನೀ ಮಾತಾಡು."

"ಬ್ಯಾಡಣ್ಣಾ. ಆಗಿದ್ದು ಸಾಕು. ಮಂದಿ ಏನಂತಾರ?"

"ಏನೂ ಅನ್ನಂಗಿಲ್ಲ! ಅನ್ನಬೇಕಂದ್ರೂ ಅನ್ನಾಕ ಬರಂಗಿಲ್ಲ. ಬ್ರೇಕ್ ಹಾಕೀನಿ."

ನನಗೆ ನಗುವೂ ಬಂತು, ಅಳುವೂ ಬಂತು. "ಎಲ್ಲಾರ ಬಾಯಿ ಮುಚ್ಚಿ ನಾ ಒಬ್ಬಾಕಿ ಮಾತಾಡೋದು ನ್ಯಾಯೇನು? ಯಾರಿಗೂ ಬಾಯಿ ಮುಚ್ಚು ಅನ್ನಂಗಿಲ್ಲ ಅಂದಾವ ನೀನೇ ಅಲ್ಲ?"

ಅಣ್ಣ ಫೋನು ಕೆಳಗಿಟ್ಟು ತಲೆಯ ಟವಲ್ ಬಿಚ್ಚಿದ.

"ತಂಗೀ, ಬಸ್ ಓಡ್ತಿರುವಾಗ ಗದ್ದಲದಾಗ ಹಿಂದಿನ ಸೀಟಿನವರ ಅವಾಜ ಮುಂದ ಬರಂಗಿಲ್ಲ. 'ಇಳಿಯೋದದ' ಅಂತ ಒದರಿದ್ರೂ ಕೇಳಂಗಿಲ್ಲ. ಎಷ್ಟೋ ಮಂದಿ ತಮ್ಮ ಊರು ದಾಟಿ ಹೋಗ್ಯಾರ. ಒಂದೊಂದ್ಸಲ ನಿಲ್ಲಿಸಿ ಕೇಳಬೇಕಾಗ್ತದ. ನಿನ್ನ ಮಾತು ಮುಗೀಲಿ, ಬ್ರೇಕ್ ತೆಗಿತೀನಿ. ಬೈಯೋರು ಬೈಲಿ. ಅದು ಅವರ ಹಕ್ಕು."

ಎಮ್ಮೆಯ ಮುಂದೆ ಕಲಿತದ್ದನ್ನೇ ಮತ್ತೆ ಹೇಳಿದೆ. ಈ ಸಲ ಅಳಿಸಲಿಲ್ಲ. ಅಣ್ಣ ಬ್ರೇಕ್ ತೆಗೆದ. ನಾನು ಬೈಗುಳಕ್ಕೆ ಕಾದು ಕುಳಿತೆ.

ಮೊದಲು ಬಂದದ್ದು ಅತ್ತೆಯ ಧ್ವನಿಯೇ. ಬಹಳ ಹೊತ್ತು ಬರಿಯ ಉಸಿರು. ಆಮೇಲೆ, "ಏ ಕಂಡಕ್ಟರಾ, ನಮ್ಮ ಕಾಲಕ್ಕ ನನಗ ಯಾರೂ ಬಸ್ ನಿಲ್ಲಿಸಲಿಲ್ಲಲ್ಲೋ."

ಅಷ್ಟೇ. ಅಣ್ಣ ಟವಲಿನಿಂದ ಮುಖ ಒರೆಸಿಕೊಂಡ, ಬೆವರು ಎಂದ. ಮತ್ತೆ ಬ್ರೇಕ್ ಹಾಕಿ ಎದ್ದು ನಿಂತ.

"ಚಹಾ ಇಟ್ಟೀನಿ, ಕುಡದು ಹೋಗು."

"ಹುಮನಾಬಾದಿಗೆ ಹೋಗೋದದ. ಬಸ್ ತಪ್ಪತದ" ಎನ್ನುತ್ತ ಅಂಗಳ ದಾಟಿದ.

ಅವತ್ತು ಇಡೀ ದಿನ ಗ್ರೂಪು ಮುಚ್ಚಿತ್ತು. ಸಂಜೆ ದೀಪ ಹಚ್ಚುವಾಗ ಫೋನು ಸದ್ದು ಮಾಡಿತು. ನೋಡಿದರೆ ಅತ್ತೆ! ಅವಳನ್ನೂ ಅಡ್ಮಿನ್ ಮಾಡಿದ್ದ, ಪುಣ್ಯಾತ್ಮ. ಕಿವಿಗೆ ಹಿಡಿದೆ. ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತು ಜೋಡಿಸಿ, ಅತ್ತೆ ನಿಮ್ಮ ಅಕ್ಕನ ಹೆಸರು ಹಿಡಿದು ಹರಸಿದಳು. ಯಾವ ಮದುವೆಗೂ ಅವಳ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ.

ಮಾತು ಮುಗಿದ ಮೇಲೆ, ಅವಳ ಹಿಂದೆ ಎಲ್ಲೋ, ಮೆಲ್ಲಗೆ ಒಂದು ಸೀಟಿ ಕೇಳಿಸಿತು.