ಮಧ್ವರಾಜನ ಯಾರ್ಡು

ಮಧ್ವರಾಜನ ಭಾನುವಾರ ಹಾಳಾಗಲು ನಾಲ್ಕಡಿಯ ಒಂದು ಹಲಗೆ ಸಾಕಾಯಿತು. ಹಲಗೆಯನ್ನು ಅವನಿನ್ನೂ ಕೊಂಡು ತಂದಿರಲೂ ಇಲ್ಲ. ಅದರ ಮೇಲೆ ಏನು ಬರಬೇಕೆಂದು ಯೋಚಿಸಿದ್ದಕ್ಕೇ ಇಷ್ಟೆಲ್ಲ ಆಯಿತು.

ಮುಂಬಯಿ ಹತ್ತಿರದ ರಬಾಳೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿರುವ ಈ ಐವತ್ತರ ಗೃಹಸ್ಥನಿಗೆ ಆಟದ ರೈಲಿನ ಹುಚ್ಚು. 'ಆಟದ' ಎಂದರೆ ಅವನಿಗೆ ಸಿಟ್ಟು ಬರುತ್ತದೆ, 'ಮಾದರಿ ರೈಲು' ಎನ್ನಬೇಕು. ಇಂಥದೇ ಹುಚ್ಚಿನ ಹದಿನಾಲ್ಕು ಮಂದಿ ಸೇರಿ ಒಂದು ಕ್ಲಬ್ಬು ಮಾಡಿಕೊಂಡಿದ್ದಾರೆ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಒಂದೊಂದು ಹಲಗೆಯ ಮೇಲೆ ಹಳಿ ಕೂರಿಸಿ ಊರು, ಸೇತುವೆ, ಗುಡ್ಡ ಕಟ್ಟುತ್ತಾರೆ. ದೀಪಾವಳಿ ರಜೆಯಲ್ಲಿ ಠಾಣೆ ಊರಿನ ಒಂದು ಸಭಾಂಗಣದಲ್ಲಿ ಹಲಗೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ರೈಲು ಒಬ್ಬರ ಊರಿನಿಂದ ಇನ್ನೊಬ್ಬರ ಊರಿಗೆ ಓಡುತ್ತದೆ.

ಆರು ವರ್ಷಗಳಿಂದ ಮಧ್ವರಾಜನ ಪಾಲಿಗೆ ಬರುತ್ತಿದ್ದದ್ದು ಸೀದಾ ಹಳಿ ಮತ್ತು ಎರಡು ಮರ. ರೈಲು ಅವನ ಹಲಗೆಗೆ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಈ ಸಲ ಸ್ಟೇಷನ್ನು ಮತ್ತು ರೈಲು ಡಬ್ಬಿಗಳನ್ನು ನಿಲ್ಲಿಸಿ ತೆಗೆಯುವ ಯಾರ್ಡು ಯಾರು ಕಟ್ಟುತ್ತೀರಿ ಎಂದು ಕೇಳಿದಾಗ ಅವನು ಕೈ ಎತ್ತಿಯೇ ಬಿಟ್ಟ. ಖಾರಘರದ ಸಂಗಮೇಶನೂ ಎತ್ತಿದ. ಕ್ಲಬ್ಬಿನ ಹಿರಿಯರಾದ ಲೋಕನಾಥರು, "ಮೂರು ವಾರ ಬಿಟ್ಟು ಬರೋ ಭಾನುವಾರ ಸಂಜೆ ಆರರೊಳಗೆ ಇಬ್ಬರೂ ಪ್ಲಾನ್ ಕಳಿಸಿ. ಯಾರ ಯಾರ್ಡಲ್ಲಿ ಡಬ್ಬಿ ಸಿಕ್ಕಿಬೀಳೋದಿಲ್ವೋ ಅವರದ್ದನ್ನೇ ತಗೊಳ್ಳೋಣ" ಎಂದರು.

"ಕಾಗದದಲ್ಲಿ ಎಲ್ಲ ಸರಿ ಉಂಟು. ಆದ್ರೆ ಡಬ್ಬಿ ನಿಜವಾಗಿ ಹೊರಗೆ ಬರ್ತದಾ ಇಲ್ವಾ, ಗೊತ್ತಾಗುದು ಹೇಗೆ?" ಎಂದು ಆ ಭಾನುವಾರ ಬೆಳಿಗ್ಗೆ ಮಧ್ವರಾಜ ಕೂಗಿ ಕೇಳಿದ.

"ಮೊದಲು ನೀವು ಬಚ್ಚಲಿಂದ ಹೊರಗೆ ಬನ್ನಿ" ಎಂದಳು ಹೆಂಡತಿ ಶ್ರೀಮತಿ.

ಬಚ್ಚಲಿನಲ್ಲೇ ಅವನಿಗೆ ದಾರಿ ಹೊಳೆದಿತ್ತು. ಒಂದು ಇಂಚಿಗೆ ಒಂದು ಅಡಿಯಂತೆ ಯಾರ್ಡನ್ನು ನೆಲದ ಮೇಲೆ ಬರೆದು ನಡೆದೇ ನೋಡಿಬಿಡುವುದು. ಅಷ್ಟು ದೊಡ್ಡ ನೆಲ ಠಾಕುರ್ಲಿಯ ಆ ಹಳೇ ಬಿಲ್ಡಿಂಗಿನಲ್ಲಿ ಒಂದೇ ಕಡೆ ಇತ್ತು, ಕೆಳಗೆ ಅಂಗಳದ ಪಾರ್ಕಿಂಗಿನಲ್ಲಿ. ಸೀಮೆಸುಣ್ಣ, ಟೇಪು ಹಿಡಿದು ಅವನು ಇಳಿದ. ಅಲ್ಲಿ ಹದಿನೈದು ಸ್ಕೂಟರ್, ಬೈಕುಗಳು ಒಂದರ ಮೈಮೇಲೆ ಒಂದು ಬಿದ್ದುಕೊಂಡಂತೆ ನಿಂತಿದ್ದವು. ಬೇರೆಯವನಾದರೆ ವಾಪಸು ಹೋಗುತ್ತಿದ್ದ. ಮಧ್ವರಾಜ ಲಾಕ್ ಆದವನ್ನು ಒಂದು ಬದಿಗೆ ಎಳೆದಿಟ್ಟು, ಹ್ಯಾಂಡಲ್ ಲಾಕ್ ಇಲ್ಲದ ಆರನ್ನು ಆರಿಸಿ, ಇವೇ ಡಬ್ಬಿಗಳು ಎಂದು ತೀರ್ಮಾನಿಸಿದ.

ಹನ್ನೊಂದರ ಹೊತ್ತಿಗೆ ಪ್ಲಾಟ್‌ಫಾರ್ಮು, ನಾಲ್ಕು ಯಾರ್ಡ್ ಲೈನು ಎಲ್ಲ ಬರೆದಾಗಿತ್ತು. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಆಗ ನೆಲಮಹಡಿಯ ರೇವಣಸಿದ್ದ ಹಲ್ಲುಜ್ಜುತ್ತ ಹೊರಗೆ ಬಂದ. ಅವನು ಕಲಬುರಗಿ ಕಡೆಯವನು, ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲರ ಮೇಸ್ತ್ರಿ.

"ಏನ್ ನಡಸೀರಿ ಸರ?"

"ಯಾರ್ಡ್ ಮಾರಾಯ್ರೆ. ಇದು ಎಂಜಿನು" ಎಂದು ಮಧ್ವರಾಜ ತನ್ನ ಸ್ಕೂಟರನ್ನು ತೋರಿಸಿದ.

ರೇವಣಸಿದ್ದ ನಗಲಿಲ್ಲ. ಬಾಯಿ ತೊಳೆದುಕೊಂಡು ಬಂದು ಎರಡು ಸುತ್ತು ಹಾಕಿದ. "ಎಂಜಿನ್ ಮುಂದ ಹೋತು. ಡಬ್ಬಿ ಹಿಂದ ಬಂದ್ವು. ಮುಂದ ಗ್ವಾಡಿ ಅದ" ಎಂದು ಗೋಡೆ ತೋರಿಸಿದ. "ಈಗ ಎಂಜಿನ್ ಹೊರಗ ಹ್ಯಾಂಗ ಬರ್ತದ?"

ಮಧ್ವರಾಜನ ಮುಖ ಸಪ್ಪಗಾಯಿತು. ಮೂರು ವಾರ ಪೆನ್ಸಿಲ್ ಸವೆಸಿದರೂ ಕಾಣದ್ದು ಇವನಿಗೆ ಮೂರು ನಿಮಿಷಕ್ಕೆ ಕಂಡಿತ್ತು.

"ಒಂದ್ ಲೈನ್ ಖಾಲಿ ಬಿಡ್ರಿ. ಎರಡೂ ಕಡಿ ಜೋಡಸ್ರಿ. ಎಂಜಿನ್ ಸುತ್ತ ಹಾಕಿ ಹಿಂದ ಬರ್ತದ. ನಮ್ಮಲ್ಲಿ ಹಂಗೇ ಮಾಡ್ತಾರ."

ಮಧ್ವರಾಜ ಬರೆದದ್ದನ್ನೆಲ್ಲ ಅಳಿಸಿದ. ಆರು ಗಂಟೆಗೆ ಇನ್ನೂ ಸಮಯವಿತ್ತು, ಸೊಂಟ ಮಾತ್ರ ಮುಗಿದುಹೋಗಿತ್ತು. ಆದರೂ ಬಿಡುವ ಆಸಾಮಿಯಲ್ಲ.

ಎರಡನೆಯ ಸಲ ಬರೆದು ಮುಗಿಸುವಾಗ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಸತ್ಯಭಾಮಾ ಟೀಚರ್ ಇಳಿದು ಬಂದರು. ನಿವೃತ್ತರಾಗಿ ಎಂಟು ವರ್ಷವಾದರೂ ದನಿ ಇನ್ನೂ ಕ್ಲಾಸಿನಲ್ಲೇ ಇತ್ತು.

"ಅರೇ, ನನ್ನ ಸ್ಕೂಟಿ ಸರಿಸಿದ್ದು ಯಾರು? ಮೀಟಿಂಗ್ ಇಲ್ಲದೆ ಪಾರ್ಕಿಂಗ್ ಹಂಚಲಿಕ್ಕೆ ನೀವು ಯಾರು, ಮಧ್ವರಾಜ?"

"ಟೀಚರ್, ಇದು ಪಾರ್ಕಿಂಗ್ ಅಲ್ಲ, ಯಾರ್ಡ್."

"ನನ್ನ ಗಾಡಿ ಮೂರನೇ ಲೈನಲ್ಲಿದೆ. ನಿಮ್ಮದು ಗೇಟ್ ಹತ್ತಿರ. ನನಗೆ ಕಣ್ಣಿಲ್ವಾ?"

ಅವರು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿದರು. ಪಾರ್ಕಿಂಗ್ ಹಂಚುತ್ತಿದ್ದಾರೆಂದರೆ ಮುಂಬಯಿ ಕಡೆ ಸತ್ತವರೂ ಎದ್ದು ಬರುತ್ತಾರೆ. ಹತ್ತು ನಿಮಿಷದಲ್ಲಿ ನಾಲ್ಕೂ ಮಹಡಿ ಕೆಳಗಿಳಿಯಿತು. ಒಬ್ಬರು ಒಂದನೇ ಲೈನಿಗೆ ಮುರಿದ ಕುರ್ಚಿ ತಂದಿಟ್ಟು ಜಾಗ ಹಿಡಿದರು. ಇನ್ನೊಬ್ಬರ ತುಳಸಿ ಕುಂಡ ಪ್ಲಾಟ್‌ಫಾರ್ಮಿನ ಮೇಲೆ ಕೂತಿತು. ಸ್ಕೂಟರೇ ಇಲ್ಲದವರೂ ತಮ್ಮ ಪಾಲು ಕೇಳಿದರು.

"ಆರು ಗಂಟೆವರೆಗೆ ಯಾರೂ ಇದನ್ನು ಮುಟ್ಟುವ ಹಾಗಿಲ್ಲ" ಎಂದ ಮಧ್ವರಾಜ. ಇಷ್ಟು ಗಟ್ಟಿ ದನಿ ಅವನಲ್ಲಿರುವುದು ಅವನಿಗೇ ಗೊತ್ತಿರಲಿಲ್ಲ. "ಎಲ್ಲರೂ ಕೀ ಕೊಡಿ. ಹದಿನೈದು ಗಾಡಿ ಒಳಗೆ ನಿಲ್ಲಿಸ್ತೇನೆ. ನೀವು ಹೇಳಿದ ಗಾಡಿ ಐದು ನಿಮಿಷದೊಳಗೆ ಗೇಟಿಗೆ ತರ್ತೇನೆ. ಆಗದಿದ್ರೆ ಎಲ್ಲ ನಾನೇ ಅಳಿಸ್ತೇನೆ."

ಊಟದ ಹೊತ್ತು ಕಳೆಯಿತು. ಗಾಡಿಗಳನ್ನು ದೂಡಿದ, ಎಳೆದ, ಸುತ್ತು ಹಾಕಿಸಿದ. ರೇವಣಸಿದ್ದ ಸೀಟಿ ಊದಿ ಕೈ ತೋರಿಸಿದ. ಐದು ಗಂಟೆಗೆ ಟೀಚರ್ ಬೇಕೆಂದೇ ಮೂರನೇ ಲೈನಿನ ಮೂಲೆಯ ಗಾಡಿ ಕೇಳಿದರು. ಖಾಲಿ ಲೈನಿನ ಮೂಲಕ ಅದು ಮೂರೇ ನಿಮಿಷಕ್ಕೆ ಗೇಟಿಗೆ ಬಂತು. ಜನ ಚಪ್ಪಾಳೆ ತಟ್ಟಿದರು. ಮಧ್ವರಾಜನಿಗೆ ಆ ಗಳಿಗೆಯಲ್ಲಿ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅವನು ಕಾಗದದ ಪ್ಲಾನನ್ನು ತಿದ್ದಿ ಮುಗಿಸಿದಾಗ ಆರಕ್ಕೆ ಹತ್ತು ನಿಮಿಷವಿತ್ತು. "ಮೇಲಿನ ಕಿಟಕಿಯಿಂದ ಪಾರ್ಕಿಂಗಿನದ್ದೂ ಒಂದು ಫೋಟೋ ತೆಗೆ ಮಾರಾಯ್ತಿ" ಎಂದ ಹೆಂಡತಿಗೆ.

"ಅವರು ಕೇಳಿದ್ದು ಪ್ಲಾನ್ ಮಾತ್ರ. ಇದೆಲ್ಲ ಯಾಕೆ? ನಿಮಗೆಂತ ಮರ್ಲು ಹಿಡಿದದ್ದಾ?"

"ಹೋಗ್ಲಿ. ನಾನು ಎಷ್ಟು ಕಷ್ಟಪಟ್ಟಿದ್ದೇನೆ ಅಂತ ಅವರಿಗೂ ಗೊತ್ತಾಗ್ಲಿ."

ಪ್ಲಾನು, ಫೋಟೋ ಎರಡೂ ಹೋದವು. ಆರೂಕಾಲಿಗೆ ಎಲ್ಲರೂ ಪಾರ್ಕಿಂಗಿನಲ್ಲೇ ಇದ್ದಾಗ ಲೋಕನಾಥರ ಫೋನು ಬಂತು. ಮಧ್ವರಾಜ ಊರಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿದ.

"ಮಧ್ವರಾಜ್, ನಮ್ಮ ಕ್ಲಬ್ಬಲ್ಲಿ ಇಂಥ ಯಾರ್ಡ್ ಯಾರೂ ಮಾಡಿಲ್ಲ. ಎಲ್ಲರೂ ಒಪ್ಪಿದ್ದಾರೆ. ಸಂಗಮೇಶನೂ ಒಪ್ಪಿದ."

ಮಧ್ವರಾಜನ ಕಣ್ಣು ತುಂಬಿತು. ರೇವಣಸಿದ್ದ ಅವನ ಬೆನ್ನು ತಟ್ಟಿದ.

"ಹಾಗಾಗಿ ನಿಮ್ಮ ಪ್ಲಾನನ್ನೇ ಸಂಗಮೇಶ ಕಟ್ಟುತ್ತಾನೆ" ಎಂದರು ಲೋಕನಾಥರು. "ನಿಮ್ಮ ಫೋಟೋ ನೋಡಿದ್ವಿ. ಪಾಪ, ಮನೇಲಿ ಜಾಗ ಇಲ್ದೆ ಪಾರ್ಕಿಂಗಲ್ಲಿ ಬರೆದಿದ್ದೀರಿ, ಅಲ್ಲೂ ಕಾಲಿಡಲಿಕ್ಕೆ ಜಾಗ ಇಲ್ಲ. ಅವನ ಮನೇಲಿ ಒಂದು ರೂಮೇ ಖಾಲಿ ಇದೆ. ನೀವು ಎಂದಿನ ಹಾಗೆ ಸೀದಾ ಹಳಿ ಮಾಡಿ. ಬೇಕಾದ್ರೆ ಇನ್ನೊಂದು ಮರ ಹಾಕಿಕೊಳ್ಳಿ."

ಫೋನು ಕಟ್ಟಾಯಿತು. ಶ್ರೀಮತಿ ತಾನು ತೆಗೆದ ಫೋಟೋವನ್ನು ಗಂಡನ ಮುಂದೆ ಹಿಡಿದಳು.

ಸತ್ಯಭಾಮಾ ಟೀಚರ್ ಗಂಟಲು ಸರಿಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿ. ಸೊಸೈಟಿ ನಿಮ್ಮ ಪಾರ್ಕಿಂಗನ್ನು ಪಾಸ್ ಮಾಡಿದೆ. ನಾಳೆ ಹಳದಿ ಪೇಂಟ್ ಹೊಡೆಸ್ತೀವಿ. ಆದರೆ ಗಾಡಿ ತೆಗೆಯೋ ಈ ಲೆಕ್ಕ ನಿಮ್ಮನ್ನು ಬಿಟ್ಟು ಯಾರಿಗೂ ತಿಳಿಯೋದಿಲ್ಲ. ದಿನಾ ಬೆಳಿಗ್ಗೆ ಏಳರಿಂದ ಒಂಬತ್ತು ನೀವೇ ನಿಂತು ತೆಗೆಸಿಕೊಡಬೇಕು."

"ಟೀಚರ್, ನಾನು ಏಳು ಗಂಟೆಗೆ ಲೋಕಲ್ ಟ್ರೈನ್ ಹಿಡೀಬೇಕು."

"ಹಾಗಾದರೆ ಐದರಿಂದ ಏಳು" ಎಂದು ಅವರು ಸೊಸೈಟಿಯ ವಹಿ ಪುಸ್ತಕದಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಮೂರನೇ ಮಹಡಿಯವನೊಬ್ಬ ತರಕಾರಿ ಚೀಲ ನೇತುಹಾಕಿಕೊಂಡು ಬೈಕಿನಲ್ಲಿ ಬಂದ. ಎಂದೂ ಹೇಳದೆ ಕೇಳದೆ ಒಳಗೆ ನುಗ್ಗುವವನು ಇಂದು ಗೇಟಿನಲ್ಲೇ ನಿಂತ.

"ಕಾಕಾ, ಯಾವ ಲೈನ್?"

ಮಧ್ವರಾಜನಿಗೆ ಅಳು ಬರುವಂತಿತ್ತು. ಆದರೆ ಆರು ವರ್ಷದಲ್ಲಿ ಮೊದಲ ಸಲ ಒಂದು ಗಾಡಿ ಅವನ ಅಪ್ಪಣೆಗಾಗಿ ನಿಂತಿತ್ತು. ಅವನ ಕೈ ತಾನಾಗಿ ಮೇಲೆದ್ದಿತು.

"ಎರಡನೆಯದು. ನಿಧಾನ ಬನ್ನಿ" ಎಂದ.