ಎರಡೆಲೆಯ ಹೆಸರಿಗೆ ಬಿಲ್ಲಿನ ಕಾವಲು

ಸಾವಾದ ಮನೆಯಲ್ಲಿ ನಗಬಾರದೆಂದು ನನ್ನನ್ನು ಓದಿಸಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ನಗು ತರಿಸುವ ಸಂಗತಿಗಳಿಗೆ ಮಾತ್ರ ಆ ಪಾಠವನ್ನು ಯಾರೂ ಹೇಳಿದಂತಿಲ್ಲ. ಅವು ಅಂಥ ಮನೆಯನ್ನೇ ಹುಡುಕಿಕೊಂಡು ಬರುತ್ತವೆ.

ಯಲಬುರ್ಗಾ ಕಡೆಯ ನಮ್ಮ ಕರಿಮಣ್ಣಿನ ಎರಿ ಹೊಲದಲ್ಲಿ ಮುಂಗಾರಿನ ಮೊದಲ ತಿಂಗಳು ಕೃಷ್ಣಮೃಗಗಳದು, ನಮ್ಮ ಮಾತಿನಲ್ಲಿ ಚಿಗರಿಗಳದು. ಹೆಸರುಕಾಳು ಮೊಳೆತು ಎರಡೆಲೆ ಬಿಡುತ್ತಿದ್ದಂತೆ ಹಿಂಡು ಬಂದು ನಿಲ್ಲುತ್ತದೆ. ಈ ವರ್ಷ ಬಿತ್ತಿದ್ದು ಸಾಮಾನ್ಯ ಬೀಜವಲ್ಲ. ನನ್ನ ತಮ್ಮನ ಹೆಂಡತಿ ಮಾಘದಲ್ಲಿ ತೀರಿಕೊಂಡಳು. ಅವಳು ತವರಿನಿಂದ ತಂದು, ವರ್ಷವರ್ಷವೂ ಬೆಳೆದು, ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಾಡಿದ ಜವಾರಿ ಹೆಸರು ಅದು. ಇನ್ನೊಂದು ವರ್ಷ ಇಟ್ಟರೆ ಮೊಳೆಯಲಾರದೆಂದು ತಮ್ಮನು ಗಡಿಗೆಯನ್ನು ಪೂರ್ತಿ ಬರಿದುಮಾಡಿ ಬಿತ್ತಿದ. ಚಿಗರಿ ತಿಂದರೆ ಆ ಬೀಜ ಅಲ್ಲಿಗೆ ಮುಗಿದಂತೆ. ಯಾವ ಅಂಗಡಿಯಲ್ಲೂ ಅದು ದೊರೆಯದು.

ತಮ್ಮ ಕುಷ್ಟಗಿಯಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ತರುಣನಾಗಿದ್ದಾಗ ಕಲಿತ ವಿದ್ಯೆ ನೆನಪಾಗಿ, ಅಟ್ಟದ ಮೇಲಿನ ಬಿಲ್ಲನ್ನು ಕೆಳಗಿಳಿಸಿದ. ಚಿಗರಿಗೆ ಗಾಯ ಮಾಡಿದರೆ ಜೈಲು. ಗಾಯ ಮಾಡುವ ಮನಸ್ಸೂ ಅವನಿಗಿರಲಿಲ್ಲ. ಬಾಣಗಳ ಮೊನೆ ಕಿತ್ತು, ತುದಿಗೆ ಅರಿವೆಯ ಉಂಡೆ ಕಟ್ಟಿದ. ಹೊಲದ ನಡುವೆ ಅಟ್ಟಣಿಗೆ ಹಾಕಿಸಿದ.

“ಬರೇ ಅಂಜಿಸಾಕ ಅಕ್ಕಾ” ಎಂದ.

ನಾನು ಎದುರಾಡಲಿಲ್ಲ. ಹೆಂಡತಿ ಹೋದ ಮೇಲೆ ಅವನು ತಾನಾಗಿ ಹಾಸಿಗೆ ಬಿಟ್ಟು ಎದ್ದದ್ದು ಅದೇ ಮೊದಲು.

೧. ಕಂಬಳಿ

ಮನುಷ್ಯನ ವಾಸನೆ ಚಿಗರಿಗೆ ಬಹುದೂರದಿಂದ ತಿಳಿಯುತ್ತದೆಂದು ಯಾರೋ ಹೇಳಿದರು. ತಮ್ಮನು ಊರಿನ ಕುರಿಗಾರ ಹುಚ್ಚಪ್ಪನಿಂದ, ನೀರು ಕಂಡೇ ಇರದ ಹಳೆಯ ಕಂಬಳಿಯನ್ನು ತಂದು ಹೊದ್ದು ಅಟ್ಟಣಿಗೆಯ ಮೇಲೆ ಕುಳಿತ.

ಚಿಗರಿ ಬರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಕುರಿಹಿಂಡು ಹೊರಳಿ ನೇರವಾಗಿ ಹೊಲಕ್ಕೆ ಬಂತು.

“ಏ ಹುಚ್ಚಪ್ಪಾ, ಕುರಿ ಯಾಕ ಬಿಟ್ಟೀಯೋ?” ಎಂದು ತಮ್ಮ ಮೇಲಿನಿಂದ ಕೂಗಿದ.

“ನಾ ಎಲ್ಲಿ ಬಿಟ್ಟೀನ್ರಿ ಸರ? ಕಂಬಳಿ ನನ್ನದಲ್ಲೇನ್ರಿ. ನಾ ಅಲ್ಲಿ ಕುಂತೀನಿ ಅಂತ ಬಂದಾವ. ಈಗ ನಾ ಕರದ್ರ ಬರೂದುಲ್ಲ. ನೀವ ಇಳದು ಮುಂದ ನಡೀರಿ, ಹಿಂದ ಬರತಾವ.”

ತಮ್ಮ ಇಳಿದು, ಬಿಲ್ಲು ಹಿಡಿದು, ದಾರಿಯವರೆಗೆ ನಡೆದ. ಕುರಿಗಳು ಹಿಂಬಾಲಿಸಿದವು. ಹೊಲದ ಒಂದು ಮೂಲೆ ಬೋಳಾಯಿತು. ಆದರೆ ಅವನ ಇಡೀ ನೌಕರಿಯಲ್ಲಿ ಯಾವ ತರಗತಿಯೂ ಅವನ ಹಿಂದೆ ಅಷ್ಟು ನೇರವಾಗಿ ಸಾಲು ಕಟ್ಟಿರಲಿಲ್ಲ.

೨. ಚೊಂಬು

ಐದು ದಿನ ಅವನು ಬೆಳಕು ಹರಿಯುವ ಮುನ್ನವೇ ಹೋಗಿ, ಕೆಮ್ಮನ್ನೂ ನುಂಗಿಕೊಂಡು ಕುಳಿತ. ದೂರದ ದಿಬ್ಬದ ಮೇಲೆ ಕೊಂಬುಗಳು ಕಾಣುತ್ತಿದ್ದವು, ಹತ್ತಿರ ಬರುತ್ತಿರಲಿಲ್ಲ. ಆರನೆಯ ದಿನ ಹೊಟ್ಟೆ ಕೇಳಲಿಲ್ಲ. ಚೊಂಬು ಹಿಡಿದು ಹಳ್ಳದ ಕಡೆಗೆ ಹೋದ.

ಮರಳಿ ಬರುವಷ್ಟರಲ್ಲಿ ಹಿಂಡಿನ ದೊಡ್ಡ ಗಂಡು, ಕಪ್ಪನೆಯದು, ಅಟ್ಟಣಿಗೆಯ ನೆರಳಿನಲ್ಲಿಯೇ ನಿಂತು ಮೇಯುತ್ತಿತ್ತು. ಅವರಿಬ್ಬರ ನಡುವೆ ಹತ್ತು ಹೆಜ್ಜೆ. ಬಿಲ್ಲು ಮೇಲಿತ್ತು. ಅವನ ಕೈಯಲ್ಲಿ ಖಾಲಿ ಚೊಂಬು.

“ಏನ್ ಮಾಡಿದಿ?” ಎಂದು ಅವನು ಮನೆಗೆ ಬಂದ ಮೇಲೆ ಕೇಳಿದೆ.

“ಏನ್ ಮಾಡ್ಲಿ ಅಕ್ಕಾ? ಅದು ನನ್ನ ನೋಡ್ತು. ಚೊಂಬು ನೋಡ್ತು. ಮತ್ತ ತಿನ್ನಾಕತ್ತು.”

೩. ಪ್ರಮಾಣಪತ್ರ

ಬಿಲ್ಲಿನ ಸುದ್ದಿ ಅರಣ್ಯ ಇಲಾಖೆಗೆ ಮುಟ್ಟಿತು. ಗಾರ್ಡ್ ಮೋಟರ್‌ಸೈಕಲ್ಲಿನಲ್ಲಿ ಬಂದ.

“ಸರ, ಇದು ಆಯುಧ ಆಗತೈತ್ರಿ.”

“ತುದೀಗೆ ಅರಿವಿ ಕಟ್ಟೀನಿ ನೋಡ್ರಿ.”

“ಅರಿವಿ ಇದ್ರೂ ಬಡದ್ರ ಪೆಟ್ಟಾಗತೈತಿಲ್ರಿ? ತಡೀರಿ, ನಾನ ನಿಂದ್ರತೀನಿ. ಹೊಡೀರಿ.”

ಅವನು ಹೆಲ್ಮೆಟ್ ಹಾಕಿಕೊಂಡು ಮೂವತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುವಿ ನಿಂತ. ಮೊದಲನೆಯ ಬಾಣ ಅರ್ಧ ದಾರಿಯಲ್ಲಿ ಬಿದ್ದಿತು. ಎರಡನೆಯದು ಪಕ್ಕದ ಹೊಲ ಸೇರಿತು. ಮೂರನೆಯದು ಎಲ್ಲಿಗೆ ಹೋಯಿತೆಂದು ಇಂದಿಗೂ ತಿಳಿದಿಲ್ಲ.

“ಹೊಡದ್ರೇನ್ರಿ?” ಎಂದು ಗಾರ್ಡ್ ನಿಂತಲ್ಲಿಂದಲೇ ಕೇಳಿದ.

“ಮುಗೀತ್ರಿ” ಎಂದು ನಾನೇ ಹೇಳಬೇಕಾಯಿತು.

ಅವನು ಮೋಟರ್‌ಸೈಕಲ್ಲಿನ ಸೀಟಿನ ಮೇಲೆ ಕಾಗದವಿಟ್ಟು ವರದಿ ಬರೆದು ಗಟ್ಟಿಯಾಗಿ ಓದಿದ: “ಸದರಿ ವ್ಯಕ್ತಿಯಿಂದ ವನ್ಯಜೀವಿಗಳಿಗೆ ಯಾವುದೇ ಅಪಾಯ ಕಂಡುಬಂದಿರುವುದಿಲ್ಲ.” ತಮ್ಮ ಅದರ ಕೆಳಗೆ ಸಹಿ ಹಾಕಿದ.

ಆ ದಿನ ಅವನು ಊಟ ಮಾಡಲಿಲ್ಲ. “ಜೈಲಿಗೆ ಕಳಿಸಿದ್ರ ಛಲೋ ಇತ್ತು ಅಕ್ಕಾ” ಎಂದ.

೪. ಪೌರನೀತಿ

ಹನ್ನೆರಡನೆಯ ದಿನ ನಾನು ಬೆಳಿಗ್ಗೆ ರೊಟ್ಟಿ ತೆಗೆದುಕೊಂಡು ಹೋದಾಗ ಹೊಲ ಕಪ್ಪಾಗಿತ್ತು. ನೆಲವಷ್ಟೇ ಉಳಿದಿತ್ತು, ಎಲೆಯಿರಲಿಲ್ಲ. ತಮ್ಮ ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಕುಳಿತಲ್ಲೇ ನಿದ್ದೆ ಹೋಗಿದ್ದ. ಎಬ್ಬಿಸಿದೆ. ಅವನು ಸುತ್ತಲೂ ನೋಡಿದ.

“ಆಕೀದು ಇದೊಂದು ಉಳಿದಿತ್ತು” ಎಂದ.

ಸಮಾಧಾನದ ಮಾತು ನನಗೆ ಬರುವುದಿಲ್ಲ. ರೊಟ್ಟಿಯ ಗಂಟು ಬಿಚ್ಚಿದೆ. ಆಗ ಪಕ್ಕದ ಹೊಲದ ಯಜಮಾನ ಬಂದು, ಅಟ್ಟಣಿಗೆಯ ಸುತ್ತ ಒಂದು ಸುತ್ತು ಹಾಕಿದ. ಬೋಳು ಹೊಲವನ್ನೇ ನೋಡುತ್ತಿದ್ದ ನಾವು ಆಗ ಕೆಳಗೆ ನೋಡಿದೆವು: ಅಟ್ಟಣಿಗೆಯ ಬುಡದಲ್ಲಿ, ಕಣ ಮಾಡಿದಂತೆ ದುಂಡಗೆ, ಎಂಟು-ಹತ್ತು ಮಾರಿನಷ್ಟು ಹೆಸರು ಹಸಿರಾಗಿ ಉಳಿದಿತ್ತು.

“ನಾ ಎಲ್ಲಾ ನೋಡೀನ್ರಿ. ಕೂಗಿ ಕೂಗಿ ಸಾಕಾತು, ನೀವು ಏಳಲಿಲ್ಲ. ನಿಮ್ಮ ಗೊರಕಿ ಏರಿದ್ರ ಚಿಗರಿ ಹಿಂದ ಸರೀತಿದ್ವು, ಇಳದ್ರ ಮುಂದ ಬರತಿದ್ವು. ಇದರೊಳಗ ಒಂದೂ ಕಾಲಿಟ್ಟಿಲ್ರಿ.”

ತಮ್ಮ ಆ ಹಸಿರನ್ನೇ ನೋಡುತ್ತ ಹೇಳಿದ: “ಮೂವತ್ತು ವರ್ಷ ಬೈದಳು ಅಕ್ಕಾ, ಇದ ಗೊರಕಿಗೆ.”

ಆ ತುಣುಕಿನಿಂದ ಶ್ರಾವಣದಲ್ಲಿ ಕಾಲು ಗಡಿಗೆ ಬೀಜ ಬಂದಿತೆಂದು ಮೊದಲೇ ಹೇಳಿಬಿಡುತ್ತೇನೆ. ಹೇಗೆ ಬಂದಿತೆಂದು ಹೇಳುವುದಕ್ಕೆ ಸಂಕೋಚವಾಗುತ್ತದೆ. ಬಿಲ್ಲನ್ನು ಮನೆಗೆ ಕಳಿಸಿ, ಅಟ್ಟಣಿಗೆಯ ಮೇಲೆ ಹಾಸಿಗೆ ಹಾಕಿಸಿದೆ. ಮಲಗುವುದೇ ಕೆಲಸವೆಂದು ತಿಳಿದ ಮೇಲೆ ಅವನಿಗೆ ನಿದ್ದೆ ಬರಲಿಲ್ಲ. ಎರಡು ದಿನ ಕಣ್ಣು ತೆರೆದುಕೊಂಡೇ ಬಿದ್ದಿದ್ದ. ಚಿಗರಿಗಳು ಒಂದು ಮಾರು ಒಳಗೆ ಬಂದವು.

ಮೂರನೆಯ ಬೆಳಿಗ್ಗೆ ನಾನೇ ಅಟ್ಟಣಿಗೆ ಹತ್ತಿದೆ. ಮೂವತ್ತನಾಲ್ಕು ವರ್ಷ ಪೌರನೀತಿ ಕಲಿಸಿದವಳು ನಾನು. ಹಳೆಯ ಪಠ್ಯಪುಸ್ತಕ ತೆರೆದು, ಗ್ರಾಮ ಪಂಚಾಯತಿಯ ರಚನೆ ಮತ್ತು ಕಾರ್ಯಗಳನ್ನು ಸ್ಪಷ್ಟ ಉಚ್ಚಾರಣೆಯಿಂದ ಓದತೊಡಗಿದೆ. ಎರಡನೆಯ ಪರಿಚ್ಛೇದ ಮುಗಿಯುವ ಮೊದಲೇ ತಮ್ಮನ ಗೊರಕೆ ಏರಿತು. ಚಿಗರಿಗಳು ಕತ್ತೆತ್ತಿದವು, ಹಿಂದೆ ಸರಿದವು. ನಾನು ಪುಸ್ತಕ ಮುಚ್ಚಿದೆ.

ಪಕ್ಕದ ಹೊಲದಿಂದ ಯಜಮಾನನ ಕೂಗು ಕೇಳಿಸಿತು:

“ಅಕ್ಕೋರ, ನಿಲ್ಲಿಸಬ್ಯಾಡ್ರಿ! ಇನ್ನೊಂದು ಪಾಠ ಓದ್ರಿ! ಈ ಕಡಿ ನಾಕು ಚಿಗರಿ ನಿದ್ದಿ ಹತ್ತಿ ಮಕ್ಕೊಂಡಾವ!”