ಯಾರಿಂದಲೂ ಭಾಗವಾಗದ ನಂಬರು

ದೊಡ್ಡ ಸಂಖ್ಯೆ ಕಣ್ಣಿಗೆ ಬಿದ್ದರೆ ಸಾಕು, ನನ್ನ ಮಾನ ಹೋಗೋದು ಗ್ಯಾರಂಟಿ. ಜೋಗುಪಾಳ್ಯದ ಒಂದು ಮಹಡಿ ಕೋಣೆಯಲ್ಲಿ ಗಣಿತದ ಟ್ಯೂಷನ್ ಹೇಳುವವನು ನಾನು. ಇರೋದು ನಾಲ್ಕೇ ಮಕ್ಕಳು. ಇನ್ನೂ ನಾಲ್ಕು ಸೇರದಿದ್ದರೆ ಬಾಗಿಲು ಹಾಕಬೇಕು. ಹಾಗಾಗಿ ಸಿಕ್ಕಸಿಕ್ಕವರ ಮುಂದೆ ನನ್ನ ಜಾಣತನ ಬಿಚ್ಚೋದು ಚಟವಾಗಿಬಿಟ್ಟಿದೆ.

ಬಸ್ಸಿನಲ್ಲಿ

ಟಿನ್ ಫ್ಯಾಕ್ಟರಿಯಲ್ಲಿ ಶಿವಾಜಿನಗರದ ಬಸ್ಸು ಹತ್ತಿ ಹಲಸೂರಿಗೆ ಟಿಕೆಟ್ ತಗೊಂಡೆ. ಅದರ ನಂಬರು 517517. ಪಕ್ಕದಲ್ಲಿ ರಾಯಚೂರು ಕಡೆಯ ಗಾರೆ ಕೆಲಸದವರೊಬ್ಬರು ಕೂತಿದ್ದರು. ಮಗಳು ಏಳನೇ ಕ್ಲಾಸು ಅಂದರು. ಸರಿ, ಶುರು ಹಚ್ಚಿಕೊಂಡೆ. ಮೂರಂಕಿಯನ್ನು ಹೀಗೆ ಎರಡು ಸಲ ಬರೆದರೆ ಆ ಸಂಖ್ಯೆ ಏಳರಿಂದಲೂ ಭಾಗವಾಗುತ್ತೆ, ಹನ್ನೊಂದರಿಂದಲೂ, ಹದಿಮೂರರಿಂದಲೂ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಟಿಕೆಟ್ಟಿನ ಹಿಂದೆಯೇ ಭಾಗಿಸಿ ತೋರಿಸಿದೆ. ಪಾಪ, ಕೊನೇತನಕ ನೋಡಿದರು.

"ಲೆಕ್ಕ ಬರೋಬ್ಬರಿ ಐತ್ರಿ ಸರ. ಆದ್ರ ನಿಮ್ಮ ಹಲಸೂರು ಆಗಲೇ ಹೋತ್ರಿ."

ಓಟಿಪಿ

ಹಬ್ಬಕ್ಕೆ ಊರಿಗೆ ಹೋಗಲು ನನ್ನ ಹೆಂಡತಿ ರೈಲಿನ ತತ್ಕಾಲ್ ಟಿಕೆಟ್ ಬುಕ್ ಮಾಡುತ್ತಿದ್ದಳು. ಓಟಿಪಿ ಬಂದಿದ್ದು ನನ್ನ ಫೋನಿಗೆ. ಆರಂಕಿ, ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಅದೇ! ಇಂಥ ಆರಂಕಿ ಹನ್ನೊಂದರಿಂದ ಭಾಗವಾಗಲೇಬೇಕು. ಎಷ್ಟು ಸಲ ಅಂತ ಲೆಕ್ಕ ಹಾಕಿ, ಖುಷಿಯಾಗಿ ಅವಳಿಗೂ ಹೇಳಿ ತಲೆ ಎತ್ತಿದೆ. ಅಷ್ಟರಲ್ಲಿ ಟಿಕೆಟ್ಟೆಲ್ಲ ಮುಗಿದಿತ್ತು.

"ಇನ್ನು ಬಸ್ಸಲ್ಲಿ ನಿಂತ್ಕೊಂಡೇ ಹೋಗ್ಬೇಕು," ಅಂದಳು. "ಆ ಹನ್ನೊಂದರ ವಿಷಯ ಆಗ ಹೇಳಿ, ಹೊತ್ತು ಹೋಗುತ್ತೆ."

ಬೋರ್ಡು

ಇದನ್ನು ಹೇಳೋಕೆ ಈಗಲೂ ನಾಚಿಕೆ. ಟ್ಯೂಷನ್ ಬೋರ್ಡಿನಲ್ಲಿ ನನ್ನ ಹತ್ತಂಕಿಯ ಮೊಬೈಲ್ ನಂಬರು ಬರೆಸಿ, ಕೆಳಗೆ ಕೆಂಪಕ್ಷರದಲ್ಲಿ 'ಇದು ಯಾವ ಸಂಖ್ಯೆಯಿಂದಲೂ ಭಾಗವಾಗದ ಅವಿಭಾಜ್ಯ ನಂಬರು' ಅಂತ ಹಾಕಿಸಿದ್ದೆ. ಒಂದು ವಾರ ಕೈಯಲ್ಲೇ ಭಾಗಿಸಿ ನೋಡಿದ್ದೆ, ಸುಮ್ಮನೆ ಅಲ್ಲ.

ಒಂದಿನ ನಮ್ಮ ಮನೆ ಓನರ್ ಯಜಮಾನರು ಏಳನೇ ಕ್ಲಾಸಿನ ಮೊಮ್ಮಗಳನ್ನು ಕರಕೊಂಡು ಮೇಲೆ ಬಂದರು. ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ. ಅವರ ಮಾತಿಗೆ ಬೀದಿಯಲ್ಲಿ ಬೆಲೆ. ಈ ಹುಡುಗಿ ಸೇರಿದರೆ ಬೀದಿಯ ಮಕ್ಕಳೆಲ್ಲ ಸೇರಿದ ಹಾಗೆ. ಓಡಿಹೋಗಿ ಕುರ್ಚಿ ಒರೆಸಿದೆ.

ಯಜಮಾನರದು ಒಂದು ಪದ್ಧತಿ. ಕಾರಾಗಲಿ, ಫೋನಾಗಲಿ, ನಂಬರಿನ ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ ಒಂಬತ್ತು ನಿಲ್ಲಬೇಕು, ಇಲ್ಲದಿದ್ದರೆ ಮುಟ್ಟುವುದೇ ಇಲ್ಲ.

"ಮೇಷ್ಟ್ರೇ, ನಿಮ್ಮ ಬೋರ್ಡಿನ ನಂಬರು ಕೂಡಿ ನೋಡ್ದೆ. ಒಂಬತ್ತೇ ನಿಲ್ಲುತ್ತೆ. ಅದಕ್ಕೇ ಇವಳನ್ನ ನಿಮ್ಮ ಹತ್ರಾನೇ ಸೇರ್ಸೋಣ ಅಂತ ಬಂದೆ."

ಆಗಲೇ ನನಗೆ ಹೊಳೆದದ್ದು. ಅಂಕಿಗಳ ಮೊತ್ತ ಒಂಬತ್ತಾದರೆ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತದೆ. ಇದನ್ನು ದಿನಾ ಹೇಳಿಕೊಡುವವನು ನಾನೇ! ಮೂರು, ಒಂಬತ್ತು ಎಲ್ಲ ಚಿಕ್ಕ ಮಕ್ಕಳ ಲೆಕ್ಕ, ನನ್ನಂಥವನು ನೋಡೋದೇನು ಅಂತ ಏಳರಿಂದ ಶುರು ಮಾಡಿದ್ದೆ.

ಮೊಮ್ಮಗಳು ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ತಾತ, ಒಂಬತ್ತು ಬಂದ್ರೆ ಒಂಬತ್ತರಿಂದ ಭಾಗ ಆಗುತ್ತಲ್ವಾ? ಮತ್ತೆ ಇಲ್ಲಿ ಆಗಲ್ಲ ಅಂತ ಬರ್ದಿದಾರೆ?"

ಯಜಮಾನರು ಬೋರ್ಡಿನ ಕೆಂಪಕ್ಷರವನ್ನು ಇನ್ನೊಮ್ಮೆ ಓದಿದರು. ಆಮೇಲೆ ತುಂಬಾ ಮರ್ಯಾದೆಯಿಂದಲೇ ಕೇಳಿದರು:

"ಮೇಷ್ಟ್ರೇ, ಇವಳನ್ನ ನಿಮ್ಮ ಹತ್ರ ಸೇರಿಸ್ಲಾ, ಇಲ್ಲಾ ನಿಮ್ಮನ್ನ ಇವಳ ಹತ್ರ ಸೇರಿಸ್ಲಾ?"